ಗಂಡ ಓದಿದ ಕಾಲೇಜು

ನಮ್ಮ ಥ್ರೋಬಾಲ್ ಲೀಗಿನಲ್ಲಿ ಆರು ತಂಡಗಳಿದ್ದವು. ಆರೂ ಕರಾವಳಿಯ ಕಾಲೇಜುಗಳ ಹಳೆ ವಿದ್ಯಾರ್ಥಿನಿಯರವು. ದೋಹಾದಲ್ಲಿ ಒಂದೇ ಕಾಲೇಜಿನಲ್ಲಿ ಓದಿದ, ಇನ್ನೂ ಓಡಬಲ್ಲ ಏಳು ಹೆಂಗಸರನ್ನು ಒಟ್ಟುಮಾಡುವುದು ಸುಲಭವಲ್ಲ. ಒಬ್ಬಳಿಗೆ ಬಾಣಂತನ, ಒಬ್ಬಳಿಗೆ ಆಸ್ಪತ್ರೆಯ ಶಿಫ್ಟು, ಇನ್ನೊಬ್ಬಳ ಗಂಡನ ಕಾಂಟ್ರಾಕ್ಟ್ ಮುಗಿದು ಮನೆಯವರೆಲ್ಲ ಊರಿಗೆ. ಹಾಗಾಗಿ ಶುರುವಿನಲ್ಲೇ ಒಂದು ನಿಯಮ ಮಾಡಿಕೊಂಡಿದ್ದೆವು: ತಾನು ಓದಿದ ಕಾಲೇಜಿಗೆ ಆಡಬಹುದು, ಇಲ್ಲವೇ ಗಂಡ ಓದಿದ ಕಾಲೇಜಿಗೆ ಆಡಬಹುದು. ಎರಡನೆಯ ದಾರಿಯಲ್ಲಿ ಬಂದವರನ್ನು ಸೊಸೆ ಎನ್ನುತ್ತಿದ್ದೆವು. ಆಟ ಶುರುವಾಗುವ ಮೊದಲು ಅಂಪೈರ್ ಕೂಡ "ಮಗಳಂದಿರು ಎಷ್ಟು, ಸೊಸೆಯಂದಿರು ಎಷ್ಟು?" ಎಂದೇ ಕೇಳುತ್ತಿದ್ದರು. ನಿಯಮ ತಂದದ್ದು ತಾನೇ ಎಂದು ನಮ್ಮ ಕ್ಯಾಪ್ಟನ್ ಹೇಳುತ್ತಾಳೆ. ನಾನು ನಂಬುವುದಿಲ್ಲ. ಆದರೆ ಬೇರೆ ಯಾರೆಂದು ನನಗೂ ನೆನಪಿಲ್ಲ.

ಈ ಕ್ಯಾಪ್ಟನ್ ಬಿನ್ ಮಹಮೂದ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವವಳು. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎನ್ನುತ್ತಾರೆ; ದನಿ ಹಾಗಿದೆ.

ನಮ್ಮ ತಂಡಕ್ಕೆ ಇದ್ದದ್ದು ಒಬ್ಬಳೇ ಸೊಸೆ, ಹುಬ್ಬಳ್ಳಿಯವಳು. ಬಿನ್ ಮಹಮೂದ್‌ನಲ್ಲಿ ನಾನಿರುವ ಕಟ್ಟಡದಲ್ಲೇ ಕೆಳಗಿನ ಫ್ಲ್ಯಾಟು. ಗಂಡ ನಮ್ಮ ಊರಿನವನು, ಗ್ಯಾಸ್ ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ, ವಾರಗಟ್ಟಲೆ ಸೈಟಿನಲ್ಲೇ ಇರುತ್ತಾನೆ. ರಜೆ ಸಿಕ್ಕಿದರೆ ನಮ್ಮ ಕಾಲೇಜಿನ ಜೆರ್ಸಿ ಹಾಕಿಕೊಂಡು ಮೈದಾನದ ಬದಿಯಲ್ಲಿ ಕೂಗುತ್ತಿದ್ದ. ಅವಳ ಸರ್ವ್ ಬೇರೆಯವರದರ ಹಾಗಲ್ಲ. ಚೆಂಡು ನೆಟ್ ದಾಟುವವರೆಗೆ ಸೋಮಾರಿಯಂತೆ ಹೋಗಿ ಆಮೇಲೆ ಸಟ್ಟನೆ ಇಳಿಯುತ್ತಿತ್ತು. ಹಿಡಿಯಲು ಕೈ ಮೇಲೆತ್ತಿ ನಿಂತವರ ಮೊಣಕಾಲಿಗೆ ಬಡಿಯುತ್ತಿತ್ತು.

ಅವಳು ಹೇಳಿದ ಒಂದು ಮಾತು ಮಾತ್ರ ನನಗೆ ಸರಿಯಾಗಿ ನೆನಪಿದೆ, ಲಿಫ್ಟಿನಲ್ಲಿ ಹೇಳಿದ್ದು. "ವಾರೆಲ್ಲಾ ಗ್ವಾಡಿ ನೋಡ್ಕೋತ ಕೂಡ್ತೀನ್ರೀ. ಶುಕ್ರವಾರ ಒಂದ ದಿನ ಮಂದಿ ಮಾರಿ ನೋಡೂದು. ಇದೂ ಇರ್ಲಿಲ್ಲಾಂದ್ರ ನಾ ಯಾವಾಗೋ ಊರಿಗೆ ಹೋಗಿಬಿಡ್ತಿದ್ದೆ."

ಎರಡು ವರ್ಷದ ಹಿಂದೆ ಲೀಗನ್ನು ದೊಡ್ಡದು ಮಾಡುವ ಮಾತು ಬಂತು. ನಾವು ಆಡುತ್ತಿದ್ದದ್ದು ಒಂದು ಶಾಲೆಯ ಡಾಂಬರು ಅಂಗಳದಲ್ಲಿ. ಏಪ್ರಿಲ್ ಬಂದರೆ ಬೆಳಿಗ್ಗೆ ಏಳಕ್ಕೇ ಬೂಟಿನ ಅಡಿ ಮೆತ್ತಗಾಗುತ್ತಿತ್ತು. ಚಳಿಗಾಲ ಬರುವವರೆಗೆ ಆಟ ಬಂದ್. ಕೇರಳದ ಕಾಲೇಜುಗಳವರಿಗೂ ನಮ್ಮ ಹಾಗೆಯೇ ಆರು ತಂಡಗಳಿದ್ದವು, ಜೊತೆಗೆ ಎಸಿ ಇರುವ ಒಳಾಂಗಣವೂ ಇತ್ತು. ಆದರೆ ಅಷ್ಟೇ ತಂಡಗಳಿಂದ ವರ್ಷವಿಡೀ ಅದರ ಬಾಡಿಗೆ ಹೊರಲು ಅವರಿಗೆ ಆಗುತ್ತಿರಲಿಲ್ಲ. ಸೇರಿದರೆ ಹನ್ನೆರಡು ತಂಡ, ಎರಡು ಗುಂಪು, ಬೇಸಿಗೆಯಲ್ಲೂ ಆಟ. ಅವರದು ಒಂದೇ ಷರತ್ತು: ಆಡುವವರು ಆಯಾ ಕಾಲೇಜಿನಲ್ಲೇ ಡಿಗ್ರಿ ಮಾಡಿರಬೇಕು.

ಸುದ್ದಿ ತಂದವರು ನಮ್ಮ ಲೀಗಿನ ಕಾರ್ಯದರ್ಶಿ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಸಿ ಡಕ್ಟ್ ಮಾಡುವ ವರ್ಕ್‌ಶಾಪಿನ ಮ್ಯಾನೇಜರ್, ಒಂದು ಕಾಲದಲ್ಲಿ ವಾಲಿಬಾಲ್ ಆಡಿದವರು.

"ಅಂದ್ರೆ ಸೊಸೆ ಖಲಾಸ್?" ಎಂದಳು ಕ್ಯಾಪ್ಟನ್.

"ಹಾಗೇ ಬರ್ತದೆ ಅಕ್ಕ. ಆದ್ರೆ ಎಸಿ ಉಂಟಲ್ಲ."

"ಎಸಿಯನ್ನು ನೀವೇ ಹಾಕ್ಕೊಳ್ಳಿ. ಅವಳನ್ನು ಬಿಟ್ಟು ನಾವು ಬರುದಿಲ್ಲ."

ಹುಬ್ಬಳ್ಳಿಯವಳು ಪಕ್ಕದಲ್ಲೇ ಚೆಂಡಿಗೆ ಗಾಳಿ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ. "ನನ್ನ ಸಲುವಾಗಿ ಜಗಳ ಬ್ಯಾಡ್ರೀ ಅಕ್ಕಾರ" ಎಂದಳು. ಪಂಪು ಒತ್ತುತ್ತಲೇ ಇದ್ದಳು. ಚೆಂಡು ಕಲ್ಲಾಗಿ, ಅವತ್ತು ಎಲ್ಲರ ಬೆರಳೂ ನೋಯುತ್ತಿತ್ತು.

"ನೀನು ಹೆದರ್ಬೇಡ ಮಾರಾಯ್ತಿ. ನಾನಿದ್ದೇನಲ್ಲ."

ಎರಡೂ ಲೀಗಿನವರ ಸಭೆ ನಡೆದದ್ದು ಮುಶೈರಿಬ್‌ನ ಒಂದು ಹೋಟೆಲಿನ ಮಹಡಿಯಲ್ಲಿ. ನನ್ನ ನೆನಪಿನಲ್ಲಿ ಹುಬ್ಬಳ್ಳಿಯವಳು ಕಿಟಕಿಯ ಪಕ್ಕ ಕೂತಿದ್ದಾಳೆ. ಮುಂದಿದ್ದ ಗೋಬಿ ಮಂಚೂರಿ ಮುಟ್ಟಿಲ್ಲ, ಪ್ರತಿ ಮಾತಿಗೂ ಮಾತಾಡಿದವರ ಮುಖ ನೋಡುತ್ತಿದ್ದಾಳೆ. ಇದನ್ನು ನಾನು ಹಲವರಿಗೆ ಹೇಳಿಯೂ ಇದ್ದೇನೆ. ಆದರೆ ಸಭೆಗೆ ಕರೆದದ್ದು ತಂಡಕ್ಕೆ ಇಬ್ಬರನ್ನು ಮಾತ್ರ, ನಮ್ಮಿಂದ ಹೋದವರು ಕ್ಯಾಪ್ಟನ್ ಮತ್ತು ನಾನು. ಅವಳು ಅಲ್ಲಿರಲು ಸಾಧ್ಯವೇ ಇಲ್ಲ. ಅವಳ ವಿಷಯ ಅವಳಿಲ್ಲದೆ ತೀರ್ಮಾನವಾಯಿತು. ನನ್ನ ನೆನಪಿಗೆ ಅದು ಒಗ್ಗದೆ ಅವಳಿಗೊಂದು ಕುರ್ಚಿ ಹಾಕಿಬಿಟ್ಟಿರಬೇಕು.

ಕ್ಯಾಪ್ಟನ್ ಅರ್ಧ ಗಂಟೆ ಮಾತಾಡಿದಳು, ಇಂಗ್ಲಿಷು, ಹಿಂದಿ, ಹರಕು ಮಲಯಾಳ ಎಲ್ಲ ಸೇರಿಸಿ. ಮದುವೆಯಾಗಿ ಬಂದವಳು ಮನೆಯವಳೋ ಅಲ್ಲವೋ ಎಂದು ಕೇಳಿದಳು. ಕೇರಳದ ಕಡೆಯ ಅಧ್ಯಕ್ಷೆ, ಕನ್ನಡಕ ತಲೆ ಮೇಲೆ ಏರಿಸಿಕೊಂಡ ಹಿರಿಯ ನರ್ಸ್, ನಗಲು ಶುರುಮಾಡಿದರು. ಅವರ ತಂಡಗಳಿಗೂ ಏಳು ಜನ ತುಂಬುವುದೇ ಕಷ್ಟವಂತೆ. ಸೊಸೆಯಂದಿರಿಗೆ ಒಪ್ಪಿದರು. ಒಂದು ಊರಿನ ಎರಡು ಮೂರು ಕಾಲೇಜು ಕೂಡಿ ಒಂದು ತಂಡ ಕಟ್ಟಬಹುದು ಎಂದೂ ಸೇರಿಸಿದರು. ತಕರಾರು ಬರಬಾರದೆಂದು ಇನ್ನೊಂದು ಮಾತು: ಗಂಡ ಓದಿದ ಕಾಲೇಜು ಎಂದರೆ ಅವನು ಡಿಗ್ರಿ ಮಾಡಿದ ಕಾಲೇಜು.

"ಒಪ್ಪಿಗೆ! ಯಲ್ಲಾ, ಬೇಗ ವೋಟ್ ಹಾಕಿ" ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಮ್ಮ ಕ್ಯಾಪ್ಟನ್. ಎಲ್ಲರೂ ಎತ್ತಿದರು. ನಾನೂ ಎತ್ತಿದೆ.

ಆಗ ರಸ್ತೆಯಾಚೆಯವರ ಕ್ಯಾಪ್ಟನ್ ಎದ್ದಳು. ನಮ್ಮ ಊರಿನಲ್ಲಿ ಎರಡು ಕಾಲೇಜುಗಳು ಎದುರುಬದುರು. ನಮ್ಮದಲ್ಲದ್ದಕ್ಕೆ ರಸ್ತೆಯಾಚೆಯದು ಎನ್ನುತ್ತೇವೆ. ಅವರೂ ನಮಗೆ ಅದನ್ನೇ ಎನ್ನುತ್ತಾರೆ.

"ಹಾಗಾದ್ರೆ ಹುಬ್ಬಳ್ಳಿಯವಳು ನಮಗೆ" ಎಂದಳು.

"ಎಂಥದು ನಿಮಗೆ?"

"ಅವಳ ಗಂಡ ನಿಮ್ಮಲ್ಲಿ ಮಾಡಿದ್ದು ಪಿಯುಸಿ ಮಾತ್ರ ಮಾರಾಯ್ತಿ. ಬಿಎಸ್ಸಿ ನಮ್ಮಲ್ಲಿ. ಮೂರು ವರ್ಷ ನನ್ನ ಹಿಂದಿನ ಬೆಂಚು. ಲ್ಯಾಬಲ್ಲಿ ಎರಡು ಬ್ಯುರೆಟ್ ಒಡೆದಿದ್ದಾನೆ, ಬೇಕಾದ್ರೆ ಕೇಳು."

ನಮ್ಮ ಕ್ಯಾಪ್ಟನ್ ಅಲ್ಲೇ ಅವನಿಗೆ ಫೋನ್ ಹಚ್ಚಿದಳು. ಅವನು ಸೈಟಿನಲ್ಲಿದ್ದ, ಹಿಂದೆ ಯಂತ್ರದ ಸದ್ದು. "ಹೌದಕ್ಕ, ಡಿಗ್ರಿ ಅಲ್ಲಿಯೇ. ಆದ್ರೆ ಮನಸ್ಸು ನಿಮ್ಮಲ್ಲಿ" ಎಂದ.

"ನಿನ್ನ ಮನಸ್ಸನ್ನು ಉಪ್ಪಿನಕಾಯಿ ಹಾಕು" ಎಂದು ಕ್ಯಾಪ್ಟನ್ ಫೋನ್ ಇಟ್ಟಳು.

ಅವಳನ್ನು ತಂಡಕ್ಕೆ ಸೇರಿಸುವಾಗ ಯಾವ ಕಾಲೇಜು ಎಂದು ನಾವು ಕೇಳಿದ್ದೆವು, ಅವನು ನಮ್ಮದನ್ನೇ ಹೇಳಿದ್ದ. ನಮ್ಮ ಕಡೆ ಹಾಗೆಯೇ: ಮೊದಲು ಹೊಕ್ಕ ಗೇಟೇ ಕೊನೆಯವರೆಗೂ ನಮ್ಮ ಕಾಲೇಜು. ಆಮೇಲೆ ಎಲ್ಲಿ ಓದಿದೆ ಎಂದು ಯಾರೂ ಕೇಳುವುದಿಲ್ಲ.

ಅವಳಿಗೆ ವಿಷಯ ಹೇಳಿದ್ದು ಮರುದಿನ, ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಅವಳ ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ. "ಅಂದ್ರ ಆಡ್ಲಿಕ್ಕೆ ಬರ್ತದಲ್ರೀ?" ಎಂದು ಮೊದಲು ಅದನ್ನೇ ಕೇಳಿದಳು. ಬರ್ತದೆ, ಆದರೆ ಅವರ ಕಡೆಗೆ ಎಂದೆವು. "ಅವರ ಜೆರ್ಸಿ ಯಾವ ಬಣ್ಣ?" ಎಂದಳು. ಅವಳಿಗೆ ದುಃಖವಾಯಿತು ಎಂದು ಬರೆಯಬಹುದು. ಆದರೆ ನಾನು ಕಂಡದ್ದು ಇಷ್ಟೇ, ಅವಳು ಬಣ್ಣ ಕೇಳಿದಳು.

ಹೊಸ ಲೀಗಿನಲ್ಲಿ ನಮ್ಮನ್ನೂ ರಸ್ತೆಯಾಚೆಯವರನ್ನೂ ಒಂದೇ ಗುಂಪಿಗೆ ಹಾಕಿದರು. ಅವರ ಕ್ಯಾಪ್ಟನ್ ಇರುವುದು ಊರಾಚೆಯ ವಕ್ರಾದಲ್ಲಿ, ಅವಳಿಗೆ ಬಿನ್ ಮಹಮೂದ್ ದಾರಿಯೇ ಅಲ್ಲ. ಹೀಗಾಗಿ ನಮ್ಮ ಎದುರು ಆಡುವವಳನ್ನು ನಮ್ಮ ಕ್ಯಾಪ್ಟನ್ನೇ ಕಾರಿನಲ್ಲಿ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನಾವು ಆಟದ ಮಾತೇ ಆಡುವಂತಿರಲಿಲ್ಲ. ಈರುಳ್ಳಿ ದರದ ಬಗ್ಗೆ ಮಾತಾಡಿದೆವು.

ಒಳಾಂಗಣದಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ. ಅವಳ ಸರ್ವ್ ಇನ್ನೂ ಕೆಟ್ಟದಾಗಿತ್ತು, ಅಂದರೆ ನಮಗೆ. ಎರಡು ಸಲ ನನ್ನ ಮೊಣಕಾಲಿಗೇ ಬಿತ್ತು. ಎರಡನೆಯ ಸಲ ಅವಳು ನೆಟ್‌ನಾಚೆಯಿಂದ "ತಪ್ಪು ತಿಳ್ಕೋಬ್ಯಾಡ್ರೀ" ಎಂದಳು. ಅಂಪೈರ್ ಎಚ್ಚರಿಕೆ ಕೊಟ್ಟರು. ನೇರ ಎರಡು ಸೆಟ್ಟಿನಲ್ಲಿ ಸೋತೆವು.

ವಾಪಸು ಬರುವಾಗ ಕ್ಯಾಪ್ಟನ್ ಸ್ಟೀರಿಂಗ್‌ಗೆ ಹೇಳುವವಳ ಹಾಗೆ ಹೇಳಿದಳು. "ಮುಂದಿನ ಮೀಟಿಂಗಲ್ಲಿ ಪಿಯುಸಿಯನ್ನೂ ಸೇರಿಸ್ತೇನೆ. ನಿನ್ನನ್ನು ವಾಪಸ್ ತರದಿದ್ರೆ ಕೇಳು."

"ಬ್ಯಾಡ್ರೀ ಅಕ್ಕಾರ."

"ಯಾಕೆ? ಅವರು ಇಡ್ಲಿ ಕೊಟ್ರಾ?"

"ನಾನೂ ಕಾಲೇಜಿಗೆ ಹೋಗೀನ್ರೀ" ಎಂದಳು ಹಿಂದಿನ ಸೀಟಿನಿಂದ. "ಹುಬ್ಬಳ್ಳ್ಯಾಗ. ಯೂನಿವರ್ಸಿಟಿ ಟೀಮಿಗೂ ಆಡೀನಿ. ಯಾವ ಕಾಲೇಜು ಅಂತ ನೀವ್ಯಾರರ ಕೇಳೀರೇನು?"

ಕೇಳಿರಲಿಲ್ಲ. ಈ ಮಾತು ಅವಳು ಇಷ್ಟು ನೆಟ್ಟಗೆ ಹೇಳಿದಳೇ, ಅಥವಾ ನಾನು ಆಮೇಲೆ ನೆಟ್ಟಗೆ ಮಾಡಿದೆನೇ, ಗೊತ್ತಿಲ್ಲ. ಕೇಳಿರಲಿಲ್ಲ ಎನ್ನುವುದು ಮಾತ್ರ ಖಾತ್ರಿ.

ಅವಳು ಮುಂದುವರಿಸಿದಳು. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳನ್ನು ಕೂಡಿಸಿ ಒಂದು ತಂಡ ಕೊಡಬಹುದೇ ಎಂದು ಆ ನರ್ಸ್ ಅಧ್ಯಕ್ಷೆಯನ್ನು ಕೇಳಿದ್ದಾಳಂತೆ. ಏಳು ಜನ ತೋರಿಸಿದರೆ ಹದಿಮೂರನೆಯ ತಂಡ ಎಂದರಂತೆ. ಗಂಡ ಕೆಲಸ ಮಾಡುವ ಪ್ಲಾಂಟಿನವರ ಹೆಂಡಂದಿರು, ಒಬ್ಬ ದಂತವೈದ್ಯೆ, ಹೀಗೆ ಹುಡುಕುತ್ತಿದ್ದಾಳಂತೆ.

"ನನ್ನೂ ಹಿಡಿದು ಐದ್ ಮಂದಿ ಆಗೇವಿ" ಎಂದಳು. ಆಮೇಲೆ ಮುಂದೆ ಬಾಗಿ ನನ್ನ ಭುಜ ಮುಟ್ಟಿದಳು. "ವೈನಿ, ನಿಮ್ಮ ಮನಿಯವ್ರು ಕಾರವಾರದ ಕಡೆಯವ್ರಲ್ರೀ? ಎಂಜಿನಿಯರಿಂಗ್ ಎಲ್ಲಿ ಮಾಡ್ಯಾರ?"

ಅವಳಿಗೆ ಗೊತ್ತಿತ್ತು. ನನ್ನ ಗಂಡ ಸಿಕ್ಕಿದಾಗಲೆಲ್ಲ ಅವಳ ಹತ್ತಿರ ಹುಬ್ಬಳ್ಳಿಯ ಮಿರ್ಚಿ ಭಜಿಯ ಮಾತನ್ನೇ ಆಡುವುದು.

"ಹುಬ್ಬಳ್ಳಿಯಲ್ಲಿ" ಎಂದೆ.

"ಹಂಗಾದ್ರ ಆರು."

ಕ್ಯಾಪ್ಟನ್ ಕನ್ನಡಿಯಲ್ಲಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. "ಇಬ್ರೂ ಇಲ್ಲೇ ಇಳೀರಿ. ಮೆಟ್ರೋದಲ್ಲಿ ಬನ್ನಿ" ಎಂದಳು.

ಇಳಿಸಲಿಲ್ಲ. ಆದರೆ ಮನೆಯವರೆಗೂ ಈರುಳ್ಳಿ ದರವೂ ಮಾತಿಗೆ ಬರಲಿಲ್ಲ.