ಮೊದಲ ಸಾಲಿನ ತಪ್ಪು

ಲ್ಯಾಬಿನ ಹುಡುಗಿಯ ಕೆಲಸ ಹೋಗಿದ್ದು ನನ್ನ ಮಾತಿನಿಂದ. ಹುಣಸೂರಿನ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಒಬ್ಬ ಬಾಣಂತಿಯ ರಕ್ತದ ಗುಂಪನ್ನು ಯಾರೋ ಡೇಟಾಬೇಸಿನಲ್ಲಿ ಬದಲಾಯಿಸಿದ್ದರು. ಪುಣ್ಯಕ್ಕೆ ರಕ್ತ ಕೊಡುವ ಮೊದಲೇ ಗೊತ್ತಾಯಿತು. ಬದಲಾಯಿಸಿದವರ ದಾಖಲೆಯಲ್ಲಿ ಆ ಹುಡುಗಿಯ ಹೆಸರಿತ್ತು.

"ನಾನು ಮುಟ್ಟೇ ಇಲ್ಲ ಕಣಕ್ಕ," ಎಂದು ಅತ್ತಳು.

ಡಾಕ್ಟರು ನನ್ನನ್ನು ಕೇಳಿದರು. "ಪಾಸ್‌ವರ್ಡ್ ಇಲ್ಲದೆ ಇನ್ನೊಬ್ಬರು ಅವಳ ಹೆಸರಲ್ಲಿ ಒಳಗೆ ಬರೋಕಾಗಲ್ಲ ಸರ್," ಎಂದೆ. ಸಂಜೆಯೊಳಗೆ ಅವಳು ಟಿಫನ್ ಬಾಕ್ಸ್ ಎತ್ತಿಕೊಂಡು ಹೋದಳು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಕರೆಂಟ್ ಬಂದರೂ ಡೇಟಾಬೇಸ್ ಶುರುವಾಗಲಿಲ್ಲ. ಎಚ್.ಡಿ. ಕೋಟೆ ಕಡೆಯಿಂದ ಮೊದಲ ಬಸ್ಸಿಗೆ ಬಂದ ರೋಗಿಗಳು ಹೊರಗೆ ಚೀಟಿ ಹಿಡಿದು ಕೂತಿದ್ದರು. ಲಾಗ್ ತೆರೆದು ಓದಿದೆ. ಲಾಗಿನ್ ನಿಯಮಗಳ ಫೈಲಿನಲ್ಲಿ, ಮೊದಲ ಸಾಲಿನಲ್ಲೇ ತಪ್ಪು ಎಂದಿತ್ತು.

ಯುಗಾದಿ ಕಳೆದ ಮೇಲೆ, ರಕ್ತದ ಗುಂಪಿನ ಗಲಾಟೆಗೂ ಮೊದಲು, ನಾನೇ ಬರೆದ ಫೈಲ್ ಅದು. ಅಲ್ಲಿಯವರೆಗೆ ಡೇಟಾಬೇಸ್ ನಮ್ಮ ಯಾವ ಕಂಪ್ಯೂಟರಿನಿಂದಲಾದರೂ, ಯಾರ ಹೆಸರು ಹಾಕಿದರೂ, ಪಾಸ್‌ವರ್ಡ್ ನೋಡದೆ ಒಳಗೆ ಬಿಡುತ್ತಿತ್ತು. ಅದನ್ನು ತಪ್ಪಿಸಲೆಂದೇ ಬರೆದಿದ್ದೆ. ಆದರೆ ದಿನಸಿ ಚೀಟಿಗೂ ಮೇಲೆ ಶ್ರೀ ಬರೆಯದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಅಲ್ಲೂ ಮೊದಲ ಸಾಲಿನಲ್ಲಿ ಶ್ರೀ ಎಂದು ಟೈಪ್ ಮಾಡಿದ್ದೆ. ಅದು ಅರ್ಥವಾಗದೆ ಡೇಟಾಬೇಸ್ ಇಡೀ ಹೊಸ ಫೈಲನ್ನೇ ಬಿಟ್ಟು, ಇಷ್ಟು ದಿನ ನೆನಪಿನಲ್ಲಿದ್ದ ಹಳೆಯ ನಿಯಮದಲ್ಲೇ ನಡೆದಿತ್ತು. ಕರೆಂಟ್ ಹೋದಾಗ ಆ ನೆನಪೂ ಅಳಿಸಿತ್ತು. ಫೈಲ್ ಬರೆದ ದಿನ ಸರಿಯಾದ ಪಾಸ್‌ವರ್ಡ್ ಹಾಕಿ ನೋಡಿ, ಸರಿಹೋಯಿತೆಂದು ಎದ್ದಿದ್ದೆ. ತಪ್ಪು ಪಾಸ್‌ವರ್ಡ್ ಹಾಕಿ ನೋಡಿರಲಿಲ್ಲ.

ಆ ಸಾಲನ್ನು ಅಳಿಸಿದೆ, ಕೆಲಸ ಶುರುವಾಯಿತು. ಡಾಕ್ಟರಿಗೆ ಎಲ್ಲ ಹೇಳಿದೆ. "ಆಗಿದ್ದು ಆಯ್ತು ಮೇಡಂ, ಈಗ ಪೇಷಂಟ್‌ಗಳನ್ನ ನೋಡೋಣ," ಎಂದರು.

ಭಾನುವಾರ ಆ ಹುಡುಗಿಯ ಊರು ಕಟ್ಟೆಮಳಲವಾಡಿಗೆ ಹೋದೆ. ಅವಳು ಜಗಲಿಯ ಮೇಲೆ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಬೆರಳೆಲ್ಲ ಕಪ್ಪು ಅಂಟು. ನನ್ನ ತಪ್ಪನ್ನು ಒಪ್ಪಿ ಬರೆದಿದ್ದ ಪತ್ರ ಚಾಚಿದೆ. ತೆಗೆದುಕೊಳ್ಳಲಿಲ್ಲ.

"ನಂಗ್ಯಾಕಕ್ಕ? ಪಿರಿಯಾಪಟ್ಟಣದ ಲ್ಯಾಬ್ನೋರು ನಿಮ್ಮಲ್ಲಿ ಇಚಾರ್ಸಿ, ಬ್ಯಾಡ ಅಂದ್ಬುಟ್ರು. ನಮ್ಮಪ್ಪನ ಮುಂದೆ ಓದಿ. ನಾನೇ ಮಾಡ್ದೆ ಅಂದ್ಕೊಂಡವ್ರೆ."

ಅವಳ ಅಪ್ಪ ಒಳಗಿಂದ ಬಂದು ನಿಂತುಕೊಂಡೇ ಕೇಳಿಸಿಕೊಂಡರು. ನಿಧಾನವಾಗಿ ಓದಿದೆ. ಮುಗಿದ ಮೇಲೆ ಅವರು ಕೇಳಿದರು.

"ಅಂಗಾರೆ ಬದ್ಲಾಯ್ಸಿದ್ದು ಯಾರವ್ವ?"

"ಗೊತ್ತಿಲ್ಲ ಅಣ್ಣ. ಯಾರು ಬೇಕಾದ್ರೂ ಆಗಿರಬಹುದು."

"ಇವ್ಳೂ?"

ಅವಳು ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳಲ್ಲವೆಂದು ನನ್ನ ಮನಸ್ಸು ಹೇಳುತ್ತಿತ್ತು. ಅವಳಲ್ಲವೆಂದೇ ಹೇಳಿದೆ. ಆದರೆ ಉತ್ತರ ಕೊಡಲು ನಾನು ತಡಮಾಡಿದ್ದನ್ನು ಇಬ್ಬರೂ ಗಮನಿಸಿದ್ದರು.