ಅಪ್ಪ ಎಷ್ಟನೇ ಪ್ರಶ್ನೆ?

ಕೆಲಸದ ಸಂದರ್ಶನಗಳಿಗೆ ಅಲೆದು ಮೂವತ್ತು ಕಚೇರಿಗಳ ಬೆಂಚು ಸವೆಸಿದ, ಬೆಂಚಿನ ಮೇಲೆ ಕಾಯುವ ನಮ್ಮೆಲ್ಲರ ಅಕ್ಕ ಇವಳು. ಒಳಗಿನ ಸಾಹೇಬರು ನಮಗೆ ಅಂಕ ಕೊಟ್ಟರೆ, ಇವಳು ಸಾಹೇಬರಿಗೇ ಅಂಕ ಕೊಡುತ್ತಾಳೆ. ದೊಡ್ಡ ಶಾಲೆಯಲ್ಲಿ ಓದಿದವರಾಗಲಿ, ಹಳ್ಳಿ ಶಾಲೆಯಲ್ಲಿ ಓದಿದವರಾಗಲಿ, ಸಂದರ್ಶನ ಮುಗಿಸಿ ಹೊರಬಂದವರಿಗೆಲ್ಲ ಒಂದೇ ವಿಚಾರಣೆ: “ಅಪ್ಪ ಏನ್ ಮಾಡ್ತಾರೆ ಅಂತ ಎಷ್ಟನೇ ಪ್ರಶ್ನೆಗೆ ಕೇಳಿದ್ರು?” ಮೊದಲನೆಯದಕ್ಕೇ ಕೇಳಿದ್ದರೆ ಸಾಹೇಬರಿಗೆ ಸೊನ್ನೆ, ಹತ್ತು ದಾಟಿದ್ದರೆ ಪಾಸು. ಇವತ್ತು ಟೈ ಕಟ್ಟಿದವನೊಬ್ಬ, “ಕೇಳ್ಲೇ ಇಲ್ಲ, ಪಾಪ, ನ್ಯಾಯವಂತರು” ಎಂದ. “ಕೇಳೋದ್ಯಾಕೆ ತಮ್ಮಾ, ನಿಮ್ಮಪ್ಪ ನಿನ್ನೇನೇ ಫೋನ್ ಮಾಡಿರ್ತಾರಲ್ಲ!” ಎಂದಳು, ಬೆಂಚಿಗೆ ಬೆಂಚೇ ನಕ್ಕಿತು. ಅಷ್ಟರಲ್ಲಿ ನೆಲ ಒರೆಸುತ್ತ ಬಂದ ಮುದುಕ, “ಸ್ವಲ್ಪ ಕಾಲೆತ್ತಿ ಮೇಡಂ” ಎಂದ. ಅಕ್ಕ ಅವನ ಮುಖ ನೋಡದೆ ಕಾಲೆತ್ತಿದಳು. ಅವನು ಮುಂದೆ ಸರಿದ ಮೇಲೆ ನನ್ನ ಕಿವಿಯಲ್ಲಿ ಹೇಳಿದಳು: “‘ಅಲ್ಲಿ ನನ್ನ ಗುರುತು ಹಿಡೀಬೇಡ’ ಅಂತ ಬೆಳಿಗ್ಗೆ ನಮ್ಮಪ್ಪಾನೇ ಹೇಳಿದ್ರು. ‘ಮೇಡಂ ಅಂತೀನಿ’ ಅಂತ ಮಾತ್ರ ಹೇಳಿರ್ಲಿಲ್ಲ.”