ಶುಕ್ರವಾರದ ಬೆಂಕಿಪೊಟ್ಟಣ

ಕಂಪನಿ ಬಸ್ಸು ಕೋಲಾರ ದಾಟಿ ಟೊಮೆಟೊ ಲಾರಿಗಳ ಹಿಂದೆ ನಿಂತುಬಿಟ್ಟಿದೆ. ಕಿಟಕಿಯಿಂದ ಯಾರದೋ ಮನೆಯ ಸಾಂಬ್ರಾಣಿ ಹೊಗೆ ಒಳಗೆ ಬಂತು. ಈ ವಾಸನೆಗೆ ಬೇರೆಯವರ ಮನಸ್ಸು ತಣ್ಣಗಾಗುತ್ತದಂತೆ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಕೈ ತಾನಾಗಿ ಫೋನಿಗೆ ಹೋಗುತ್ತದೆ. ಇವತ್ತು ಶುಕ್ರವಾರ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಇನ್ನೂ ದೀಪ ಹಚ್ಚಿರುವುದಿಲ್ಲ, ನಾನು ಹೋಗುವವರೆಗೆ ಹಚ್ಚುವುದೂ ಇಲ್ಲ. ಯಾಕೆಂದು ಕೇಳುತ್ತೀರಾದರೆ ಪಕ್ಕದ ಸೀಟು ಖಾಲಿಯಿದೆ, ಕೂತುಕೊಳ್ಳಿ. ಈ ಲಾರಿಗಳು ಇಷ್ಟು ಬೇಗ ಕದಲುವಂತಿಲ್ಲ.

ನಮ್ಮತ್ತೆ ಆಂಧ್ರದ ಗಡಿಯ ರಾಯಲ್ಪಾಡಿನವರು. ಒಂದೇ ಮಾತನ್ನು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವವರು. ಅವರದೊಂದು ಕಾನೂನಿತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ಲಕ್ಷ್ಮಿ ಹೊಸ್ತಿಲು ದಾಟಬಾರದು. ಮಂಗಳವಾರವಂತೂ ಇಡೀ ದಿನ ದಾಟಬಾರದು. ಪಕ್ಕದ ಮನೆಯವರು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೂ "ನಾಳೆ ಬಾಮ್ಮಾ" ಎನ್ನುವರು. ಗ್ಯಾಸಿನವನು ಆ ಹೊತ್ತಿಗೆ ಸಿಲಿಂಡರ್ ತಂದರೆ ತಾನೇ ಹೇಳುತ್ತಿದ್ದ, "ದುಡ್ಡು ನಾಳೆ ಇಸ್ಕೊಂತೀನಿ ಬಿಡಜ್ಜಿ." ಊರೆಲ್ಲ ಹೀಗೆ ಹೊಂದಿಕೊಂಡಿತ್ತು. ನಾನು ಮಾತ್ರ ಮನಸ್ಸಿನಲ್ಲೇ ನಗುತ್ತಿದ್ದೆ. ನರಸಾಪುರದ ಕಾರ್ಖಾನೆಯಲ್ಲಿ ಆರು ನೂರು ಜನರ ಸಂಬಳ ಒಂದು ದಿನವೂ ತಡವಾಗದಂತೆ ಹಾಕುವವಳು ನಾನು. ನನಗೆಂಥ ಶುಕ್ರವಾರ!

ಆದರೆ ಕೆಲವು ವರ್ಷಗಳ ಹಿಂದೆ, ನಾವು ಆ ಮನೆಗೆ ಬಾಡಿಗೆಗೆ ಬಂದು ಹತ್ತೊಂಬತ್ತು ವರ್ಷವಾದ ಮೇಲೆ, ಮಾಲೀಕರು ಮನೆ ಮಾರುತ್ತೇವೆ ಎಂದರು. ಮೊದಲ ಹಕ್ಕು ನಿಮ್ಮದು, ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಟೊಮೆಟೊ ಮಂಡಿಯ ಸಾಹುಕಾರರೊಬ್ಬರು ತಯಾರಿದ್ದಾರೆ ಎಂದೂ ಹೇಳಿದರು. ಅತ್ತೆ ಆ ಹೊಸ್ತಿಲಿಗೆ ಅಷ್ಟು ವರ್ಷ ಅರಿಸಿನ ಬಳಿದಿದ್ದರು. "ನಮ್ದಲ್ಲದ ಹೊಸ್ತಿಲಿಗೇ ಇಷ್ಟು ಮಾಡಿದೀನಿ, ನಮ್ದೇ ಆದ್ರೆ ಇನ್ನೆಷ್ಟು ಮಾಡ್ತೀನೋ" ಎಂದು ಅವತ್ತು ಚಿಕ್ಕ ಹುಡುಗಿಯ ಹಾಗೆ ನಕ್ಕರು. ನಾನು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದೆ.

ಅದೇ ವಾರ ನನ್ನ ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಶುಕ್ರವಾರ ಕೊನೆಯ ದಿನ. ಒಂದು ಕುಕ್ಕರು, ಒಂದು ಸೀರೆ, ಮೂರು ಸಾವಿರ ಚಿಲ್ಲರೆ. ಅದು ತಾನಾಗಿ ಖಾತೆಯಿಂದ ಕಟ್ಟಿಹೋಗುವ ಹಾಗೆ ನಾನು ಮಾಡಿಸಿರಲಿಲ್ಲ. ನನ್ನ ಕೈ ಮೇಲೆ ನನಗೆ ಅಷ್ಟು ನಂಬಿಕೆ. ಸಂಜೆ ಫೋನು ಹಿಡಿದು ಕೂತೆ. ಅತ್ತೆ ದೀಪ ಹಚ್ಚಿ ಸಾಂಬ್ರಾಣಿ ಹಾಕಿ ಈಚೆ ಬಂದರು.

"ಏಂದಮ್ಮಾ, ಶುಕ್ರವಾರ ದೀಪ ಹಚ್ಚಿದ್ ಮೇಲೆ ದುಡ್ಡು ಆಚೆ ಕಳಿಸ್ತೀಯಾ? ಅದೂ ಮನೆ ತಗೊಳ್ಳೋ ಟೈಮ್ನಾಗೆ!"

ಹತ್ತೊಂಬತ್ತು ವರ್ಷ ನಕ್ಕವಳು ಅವತ್ತು ಫೋನು ಕೆಳಗಿಟ್ಟೆ. ನಿಜ ಹೇಳಲಾ? ಹೆದರಿಕೆಯಾಯಿತು. ಮನೆ ಸಿಗಬೇಕಲ್ಲ. ಶನಿವಾರ, ಭಾನುವಾರ ಕಾರ್ಖಾನೆಯಲ್ಲಿ ಸ್ಟಾಕು ಎಣಿಕೆ. ಸೋಮವಾರ ನೆನಪಾಗುವಷ್ಟರಲ್ಲಿ ಮಲಗುವ ಹೊತ್ತು, ಮಂಗಳವಾರ ಅತ್ತೆಯ ಎರಡನೇ ಕಾನೂನು. ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಕಟ್ಟಿ, ಐದು ದಿನ ತಾನೇ ಎಂದುಕೊಂಡು ನಿದ್ದೆ ಹೊಡೆದೆ.

ದಂಡ ಬಂತು, ಬಡ್ಡಿ ಬಂತು. ಕಾರ್ಡಿನವರಿಗೆ ಫೋನ್ ಮಾಡಿ ಜಗಳವಾಡಿದೆ. ಆ ಕಡೆಯ ಹುಡುಗಿ ಪಾಪ, "ಮೇಡಂ, ಈ ಒಂದ್ಸಲ ದಂಡ ವಾಪಸ್ ಮಾಡ್ತೀನಿ" ಎಂದಳು. ಗೆದ್ದೆ ಎಂದು ಬೀಗಿದೆ. ಎರಡು ವಾರದ ಮೇಲೆ ಬ್ಯಾಂಕಿನ ಮ್ಯಾನೇಜರು ಕರೆದರು. "ನಿಮ್ಮ ರೆಕಾರ್ಡಿನಲ್ಲಿ ಲೇಟ್ ಅಂತ ಬಂದಿದೆಯಲ್ಲಮ್ಮ. ಕ್ರೆಡಿಟ್ ಸ್ಕೋರು ಇಳಿದಿದೆ. ಸಾಲ ಇಲ್ಲಿಂದ ಪಾಸು ಮಾಡೋಕಾಗಲ್ಲ, ಮೇಲಿನ ಆಫೀಸಿಗೆ ಹೋಗ್ಬೇಕು. ಯಾಕೆ ತಡ ಆಯ್ತು ಅಂತ ಬರೆದುಕೊಡಿ." ತಿಂಗಳು ಮುಗಿಯಲು ಒಂಬತ್ತು ದಿನವಿತ್ತು.

ಅವತ್ತು ಮನೆಗೆ ಬಂದವಳೇ ಅತ್ತೆಯ ಮೇಲೆ ಕೂಗಾಡಿಬಿಟ್ಟೆ. ನಿಮ್ಮ ಲಕ್ಷ್ಮಿಯನ್ನು ಉಳಿಸಿಕೊಳ್ಳಲು ಹೋಗಿ ಮನೆಯೇ ಹೋಯಿತು ಎಂದೆ. ಕಟ್ಟದೆ ಕೂತದ್ದು ನನ್ನ ಕೈ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ದನಿ ಅಷ್ಟು ಏರಿತ್ತು. ನಮ್ಮ ಯಜಮಾನರು "ನನ್ನ ಮಧ್ಯಕ್ಕೆ ಎಳೀಬೇಡಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಆಮೇಲೆ ನಾನು ಬ್ಯಾಂಕಿನ ಪತ್ರ ಬರೆಯುವಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಏನಂತ ಬರ್ದೆ?"

"ಅನಾರೋಗ್ಯ ಅಂತ."

"ಯಾರಿಗಮ್ಮಾ ಅನಾರೋಗ್ಯ? ಇಲ್ದಿದ್ದನ್ನ ಕರೀಬೇಡ. ನಮ್ಮತ್ತೆ ಶುಕ್ರವಾರ ಬ್ಯಾಡ ಅಂದ್ರು, ಅದಕ್ಕೇ ತಡ ಆಯ್ತು ಅಂತ ಬರಿ. ನಾನೂ ಸೈನ್ ಹಾಕ್ತೀನಿ."

ಹಾಗೆಯೇ ಬರೆದೆ. ಮಾರನೆಯ ದಿನ ಅವರೂ ಬ್ಯಾಂಕಿಗೆ ಬಂದರು. ರೇಷ್ಮೆ ಸೀರೆ ಉಟ್ಟು, ಮ್ಯಾನೇಜರ ಮುಂದೆ ನಿಂತೇ, "ತಪ್ಪು ನಾದಿ ಸಾರ್. ನಂದೇ ತಪ್ಪು. ಈ ಮಗು ಸಂಬಳದಲ್ಲಿ ಒಂದಿನ ಲೇಟ್ ಮಾಡಿದ್ದಿಲ್ಲ" ಎಂದರು. ನಲವತ್ತಾರು ವರ್ಷದ ನಾನು ಮಗು! ಮ್ಯಾನೇಜರು ಪತ್ರವನ್ನು ಎರಡು ಸಲ ಓದಿದರು. "ನಮ್ಮಮ್ಮನೂ ಶುಕ್ರವಾರ ಯಾರಿಗೂ ಮೊಸರು ಕೊಡಲ್ಲ. ಕಂಪ್ಯೂಟರ್ಗೆ ಇದೆಲ್ಲ ತಿಳಿಯಲ್ಲಜ್ಜಿ. ಕಳಿಸಿ ನೋಡ್ತೀನಿ" ಎಂದರು.

ಆಮೇಲಿನ ದಿನಗಳಲ್ಲಿ ಫೋನು ಗುಂಯ್ ಎಂದರೆ ಸಾಕು, ಕೆಲಸ ಬಿಟ್ಟು ಕೈಗೆತ್ತಿಕೊಳ್ಳುತ್ತಿದ್ದೆ. ನೋಡಿದರೆ ಯಾವುದೋ ಸೀರೆ ಅಂಗಡಿಯ ರಿಯಾಯಿತಿ. ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಸುದ್ದಿ ಬಂತು: ಸಾಲ ಮಂಜೂರಾಗಿದೆ, ಬಡ್ಡಿ ಸ್ವಲ್ಪ ಹೆಚ್ಚು. ಮಾಲೀಕರಿಗೆ ಫೋನ್ ಮಾಡಿದೆ. "ಹಾಗಾದ್ರೆ ನಿಮ್ಮ ಪಾಲಿನ ಅಡ್ವಾನ್ಸು ಇವತ್ತೇ ಹಾಕ್ಬಿಡಿ. ಬೆಳಿಗ್ಗೆ ಸಾಹುಕಾರ್ರು ಟೋಕನ್ ದುಡ್ಡು ತರ್ತಾರೆ" ಎಂದರು.

ಅವತ್ತೂ ಶುಕ್ರವಾರ. ಅಷ್ಟು ದೊಡ್ಡ ಮೊತ್ತ ಕಳಿಸಲು ಬೇಕಾದ ಪಾಸ್‌ವರ್ಡು ಬರೆದಿಟ್ಟ ಪುಸ್ತಕ ಮನೆಯಲ್ಲಿ. ಬಸ್ಸಿಳಿದು ಓಡೋಡಿ ಬಂದಾಗ ಬೀದಿಯ ಮನೆಗಳಲ್ಲೆಲ್ಲ ದೀಪ ಹಚ್ಚಿಯಾಗಿತ್ತು. ಅತ್ತೆಯನ್ನು ಏನೆಂದು ಒಪ್ಪಿಸಲಿ, ಮತ್ತೆ ಹೇಗೆ ಜಗಳವಾಡಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

ನಮ್ಮ ಮನೆಯಲ್ಲಿ ಸಾಂಬ್ರಾಣಿಯ ವಾಸನೆ ಇರಲಿಲ್ಲ. ದೇವರ ಮುಂದೆ ಎಣ್ಣೆ ಹಾಕಿದ ದೀಪ, ಬತ್ತಿಯ ತುದಿ ಇನ್ನೂ ಬೆಳ್ಳಗೇ ಇತ್ತು. ಅತ್ತೆ ಕತ್ತಲಲ್ಲಿ ಬೆಂಕಿಪೊಟ್ಟಣ ಹಿಡಿದು ಕೂತಿದ್ದರು.

"ಮಾಲೀಕರು ಫೋನ್ ಮಾಡಿ ಹೇಳಿದ್ರು. ನೀನು ಕಳ್ಸಮ್ಮಾ. ಹಚ್ಚಿದ್ ಮೇಲೆ ತಾನೇ ಕಳಿಸಬಾರ್ದು? ನಾನಿನ್ನೂ ಹಚ್ಚಿಲ್ಲ."

ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಒಮ್ಮೆ ಕೈಕೊಟ್ಟಿತು, ಎರಡನೇ ಸಲವೂ ಕೈಕೊಟ್ಟಿತು. ಅತ್ತೆ ತಮ್ಮ ತೆಲುಗಿನಲ್ಲಿ "ಅಯ್ಯಿಂದಾ?" ಎಂದು ಕೇಳುತ್ತಿದ್ದರು, ನಾನು "ಇಲ್ಲತ್ತೆ" ಎನ್ನುತ್ತಿದ್ದೆ. ಮೂರನೆಯ ಸಲ "ಅಯ್ಯಿಂದಾ?" ಎಂದಾಗ "ಆಯ್ತತ್ತೆ" ಎಂದೆ. ಕಡ್ಡಿ ಗೀರಿದ ಸದ್ದು ಕೇಳಿ ನನಗೆ ಅಳು ಬಂದುಬಿಟ್ಟಿತು.

ಲಾರಿಗಳು ಕದಲಿದವು. ಮುಳಬಾಗಿಲು ಮುಟ್ಟುವಾಗ ಏಳೂವರೆ. ನಮ್ಮ ಹೊಸ್ತಿಲ ಅರಿಸಿನದ ಮೇಲೆ ಬೀದಿದೀಪದ ಬೆಳಕಿದೆ, ಒಳಗೆ ಅತ್ತೆ ಕೂತಿದ್ದಾರೆ.

"ಕಟ್ಟೋದೇನಾದ್ರೂ ಇದೆಯೇನಮ್ಮಾ?"

ಕಟ್ಟುವುದೇನೂ ಇಲ್ಲ. ಈಗ ಎಲ್ಲವೂ ತಾನಾಗಿ ಖಾತೆಯಿಂದ ಹೋಗುತ್ತದೆ. ಅದನ್ನು ಅತ್ತೆಗೆ ಎಷ್ಟೋ ಸಲ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ. ಚಪ್ಪಲಿ ಬಿಟ್ಟು ಅವರ ಪಕ್ಕ ಕೂತು ಫೋನು ತೆಗೆದೆ, ಬರಿದೇ ಎರಡು ಸಲ ಒತ್ತಿದೆ.

"ಅಯ್ಯಿಂದಾ?"

"ಆಯ್ತತ್ತೆ. ಹಚ್ಚಿ."